ದಾವಣಗೆರೆಯಿಂದ ಕುಪ್ಪಳಿಯ ಕವಿಮನೆಗೆ: ನೋಡುವ ಕ್ರಮ, ಸಂಜೆಯ ಚಹಾ

ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾಯ್ದು ಕುಪ್ಪಳಿ ಮುಟ್ಟಲು ದಾವಣಗೆರೆಯಿಂದ ಕಾರಿನಲ್ಲಿ ಸುಮಾರು ನಾಲ್ಕು ತಾಸು ಹಿಡಿಯುವುದರಿಂದ, ಬೆಳಗಿನ ಏಳರೊಳಗೆ ಊರು ಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಹೋಗುವವರು ತೀರ್ಥಹಳ್ಳಿಯಲ್ಲಿಳಿದು ಕೊಪ್ಪದ ಕಡೆಯ ಬಸ್ಸು ಹತ್ತಬೇಕು.

1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಬಾಲ್ಯವನ್ನು ಕಳೆದದ್ದು ಕುಪ್ಪಳಿಯ ಈ ಕವಿಮನೆಯಲ್ಲಿ, ಈಗ ಅದು ಅವರ ನೆನಪಿನ ವಸ್ತುಸಂಗ್ರಹಾಲಯ. ಬಂದವರಲ್ಲಿ ಅನೇಕರು ಪ್ರಶಸ್ತಿ, ಪುಸ್ತಕಗಳನ್ನು ನೋಡುವ ಆತುರದಲ್ಲಿ ನೇರವಾಗಿ ಮಹಡಿ ಹತ್ತುತ್ತಾರೆ, ಹಾಗೆ ಮಾಡಬೇಡಿ. ಮೊದಲು ಒಳಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಚಿತ್ರದುರ್ಗ ಸೀಮೆಯ, ಮಟ್ಟಸವಾದ ಮಣ್ಣಿನ ಚಾವಣಿಯ ಮಾಳಿಗೆ ಮನೆಯನ್ನು ಕಂಡ ನಮಗೆ, ನಾಲ್ಕೂ ಕಡೆಯ ಹೆಂಚಿನ ಮಾಡು ಇಳಿಜಾರಾಗಿ ಬಂದು ಮಳೆನೀರನ್ನು ನಡುವಿನ ಅಂಗಳಕ್ಕೆ ಸುರಿಸುವ, ಅದೇ ತೆರವಿನಿಂದ ಜಗಲಿಗೆ ಬೆಳಕನ್ನೂ ಇಳಿಸುವ ಈ ತೊಟ್ಟಿಮನೆಯ ಜಾಣ್ಮೆ ಅಲ್ಲಿ ನಿಂತಾಗಲೇ ತಿಳಿಯುವುದು. ಒಳಕೋಣೆಗಳಲ್ಲಿ ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಕಂಬದ ಕೆತ್ತನೆ ತಾನಾಗಿ ಕಾಣಿಸುತ್ತದೆ. ಆಮೇಲೆ ಅಡುಗೆಮನೆ, ಬಾಣಂತಿ ಕೋಣೆ, ಬಚ್ಚಲುಮನೆ ನೋಡಿಕೊಂಡು ಕೊನೆಗೆ ಮಹಡಿಗೆ ಹೋಗಿ. ಸಾಧ್ಯವಾದರೆ ನಿಮ್ಮ ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ, ಏಕೆಂದರೆ ಕಡೆಗೋಲು ಹಿಡಿದು ಮಜ್ಜಿಗೆ ಕಡೆದ ಅಜ್ಜಿಯೊಬ್ಬರು ಮಕ್ಕಳಿಗೆ ಹೇಳುವುದನ್ನು ಯಾವ ಫಲಕವೂ ಹೇಳಲಾರದು. ಮೊಬೈಲು ಚೀಲದಲ್ಲಿರಲಿ, ತಿಂಡಿಯ ಡಬ್ಬಿ ಗಾಡಿಯಲ್ಲಿರಲಿ.

ಊಟ ಮುಗಿಸಿ, ಬಿಸಿಲಿಳಿದ ಮೇಲೆ ಮನೆಯ ಹತ್ತಿರದ ಬೆಟ್ಟವಾದ ಕವಿಶೈಲಕ್ಕೆ ನಡೆಯಿರಿ. ಕುವೆಂಪು ಅವರ ಸಮಾಧಿ ಇರುವುದು ಅಲ್ಲಿಯೇ. ಅಲ್ಲಿನ ಬಂಡೆಯ ಮೇಲೆ 1936ರಲ್ಲಿ ಕೆತ್ತಿದ ಹೆಸರುಗಳಲ್ಲಿ ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರದೂ ಒಂದು. ವೆಂಕಣ್ಣಯ್ಯನವರು ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಬಯಲುಸೀಮೆಯಿಂದ ಹೋದವರು ಆ ಅಕ್ಷರಗಳನ್ನು ಹುಡುಕಿ ನೋಡದೆ ಬರಬಾರದು ಎಂಬುದು ನನ್ನ ಆಸೆ.

ಚಹಾ ಏನಿದ್ದರೂ ಬೆಟ್ಟದಿಂದ ಇಳಿದು ಬಂದ ಮೇಲೆ. ಸಮಾಧಿಯ ಬಳಿ ತಿನ್ನುವುದು, ಕುಡಿಯುವುದು ಸಲ್ಲದು. ಫ್ಲಾಸ್ಕಿನಲ್ಲಿ ಚಹಾ ಒಯ್ಯುವುದಾದರೆ ಬೆಳಿಗ್ಗೆಯೇ ತುಂಬಿಕೊಳ್ಳದೆ ಮಧ್ಯಾಹ್ನ ಊಟ ಮಾಡಿದಲ್ಲಿ ತುಂಬಿಸಿಕೊಳ್ಳಿ. ಜೊತೆಗೆ ನಮ್ಮ ಭಟ್ಟಿಯ ಮಂಡಕ್ಕಿ ಇರಲೇಬೇಕು, ಆದರೆ ಅದನ್ನು ಮನೆಯಲ್ಲೇ ಕಲಸಿ ಒಯ್ದರೆ ಮಲೆನಾಡಿನ ತೇವದ ಗಾಳಿಗೆ ಮೆತ್ತಗಾಗಿ ರುಚಿ ಕೆಡುತ್ತದೆ. ಒಣ ಮಂಡಕ್ಕಿಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ಹುರಿಗಡಲೆ ಪುಡಿ, ಖಾರ, ಈರುಳ್ಳಿ, ನಿಂಬೆಹಣ್ಣುಗಳನ್ನು ಬೇರೆಯಾಗಿ ಇಟ್ಟುಕೊಂಡು, ಚಹಾ ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ಕಲಸಿಕೊಳ್ಳಿ.

ಕಾಗದ, ಲೋಟಗಳನ್ನು ಚೀಲಕ್ಕೆ ತುಂಬಿಕೊಂಡು ಐದು ಗಂಟೆಗೆ ಹೊರಟುಬಿಡಿ. ಕತ್ತಲಾಗುವ ಮೊದಲು ಮಂಡಗದ್ದೆಯ ಕಾಡಿನ ದಾರಿ ದಾಟಿದರೆ ಗಾಡಿ ಓಡಿಸುವವರಿಗೆ ಆಯಾಸವಾಗುವುದಿಲ್ಲ.