ಪೆಟ್ರೋಲ್ ಜನರೇಟರ್‌ಗೆ ಗ್ಯಾಸ್ ಕುಡಿಸಿದ್ದು

ಮೂರನೇ ಸಲ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಬಿಚ್ಚಿ, ಪೆಟ್ರೋಲ್ ಹಾಯುವ ಅದರ ಸಣ್ಣ ತೂತು, ಅಂದರೆ ಜೆಟ್‌ನಲ್ಲಿ ಕಟ್ಟಿದ್ದ ಅಂಟು ತೆಗೆದ ದಿನ ನನಗೆ ಸಾಕಾಯಿತು. ನನ್ನ 2 ಕಿಲೋವ್ಯಾಟ್ ಜನರೇಟರ್‌ಗೆ ಕೆಲಸ ಇರುವುದೇ ಅಪರೂಪ. ಉಳಿದ ದಿನ ಸುಮ್ನೆ ಕೂತಿರುತ್ತದೆ, ಒಳಗೆ ಪೆಟ್ರೋಲ್ ಕೆಡುತ್ತದೆ. ಸಿಲಿಂಡರ್‌ನಲ್ಲಿ ಬರುವ ಪ್ರೋಪೇನ್ ಗ್ಯಾಸ್‌ಗೆ ಆ ಕಾಯಿಲೆ ಇಲ್ಲ. ಅದಕ್ಕೇ ಜನರೇಟರನ್ನು ಗ್ಯಾಸ್‌ಗೆ ಬದಲಾಯಿಸಿದೆ.

ಮೊದಲು ಒಂದು ಮಾತು. ಒಲೆಯ ರೆಗ್ಯುಲೇಟರ್‌ನಿಂದ ನೇರವಾಗಿ ಎಂಜಿನ್‌ಗೆ ಪೈಪ್ ಕೊಡಬೇಡಿ. ಎಂಜಿನ್ ನಿಂತರೂ ಗ್ಯಾಸ್ ಬರುತ್ತಲೇ ಇರುತ್ತದೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲ ಹಿಡಿದು ನಿಲ್ಲುತ್ತದೆ. ಕಿಡಿ ಒಂದು ಸಾಕು. ಬೇಕಾಗಿರುವುದು ಡಿಮ್ಯಾಂಡ್ ರೆಗ್ಯುಲೇಟರ್. ಎಂಜಿನ್ ಗಾಳಿ ಎಳೆದಾಗ ಮಾತ್ರ ಅದರೊಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಸರಿದು ಗ್ಯಾಸ್ ಬಿಡುತ್ತದೆ, ಎಳೆತ ನಿಂತರೆ ಮುಚ್ಚಿಕೊಳ್ಳುತ್ತದೆ. ದುಡ್ಡು ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ.

ಪೆಟ್ರೋಲ್ ಟ್ಯಾಂಕ್, ಕಾರ್ಬೊರೇಟರ್ ಬೌಲ್ (ಅದರ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಎರಡನ್ನೂ ಖಾಲಿ ಮಾಡಿ. ಏರ್ ಫಿಲ್ಟರ್ ಬಿಚ್ಚಿ, ಅದಕ್ಕೂ ಕಾರ್ಬೊರೇಟರ್‌ಗೂ ನಡುವೆ ಗ್ಯಾಸ್ ಒಳಬಿಡುವ, ನಿಮ್ಮ ಎಂಜಿನ್ ಮಾದರಿಯ ಅಡಾಪ್ಟರ್ ಕೂರಿಸಿ. ಇವನ್ನು ಹಿಡಿದಿಡುವ ಹಳೆಯ ಸ್ಟಡ್ (ತಲೆಯಿಲ್ಲದ ಬೋಲ್ಟ್) ಗಿಡ್ಡವಾಗುತ್ತದೆ, ಉದ್ದದ್ದು ಬೇಕು. ಡಿಮ್ಯಾಂಡ್ ರೆಗ್ಯುಲೇಟರನ್ನು ಡಯಾಫ್ರಮ್ ನೆಟ್ಟಗೆ ನಿಲ್ಲುವ ಹಾಗೆ ಫ್ರೇಮ್‌ಗೆ ಬಿಗಿಯಿರಿ. ನಾನು ಮೊದಲು ಮಲಗಿಸಿ ಹಾಕಿದ್ದೆ, ಎಂಜಿನ್ ಒಂದೇ ಸಮ ಏರಿಳಿಯುತ್ತಿತ್ತು. ಅಲ್ಲಿಂದ ಅಡಾಪ್ಟರ್‌ಗೆ ಹೋಗುವ ಪೈಪ್‌ನಲ್ಲಿ ಲೋಡ್ ಸ್ಕ್ರೂ ಬರುತ್ತದೆ, ಎಷ್ಟು ಗ್ಯಾಸ್ ಹೋಗಬೇಕೆಂದು ಹೊಂದಿಸುವುದು ಅದೇ. ಸಿಲಿಂಡರ್ ಕಡೆ ಒತ್ತಡ ಇಳಿಸುವ ರೆಗ್ಯುಲೇಟರ್, ಗ್ಯಾಸ್‌ಗೆಂದೇ ಮಾಡಿದ ಪೈಪ್. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಮುಂದೆ ಹೋಗಬೇಡಿ.

ಎಲ್ಲವೂ ಬಯಲಲ್ಲೇ. ಗ್ಯಾಸ್ ಎಂಜಿನ್‌ನ ಹೊಗೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ.

ಚೋಕ್ (ಎಂಜಿನ್‌ಗೆ ಹೋಗುವ ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆದಿರಲಿ. ಡಿಮ್ಯಾಂಡ್ ರೆಗ್ಯುಲೇಟರ್ ಮೇಲಿನ ಪ್ರೈಮರ್ ಗುಂಡಿಯನ್ನು (ಒತ್ತಿದರೆ ತುಸು ಗ್ಯಾಸ್ ಬಿಡುತ್ತದೆ) ಒಂದೆರಡು ಸೆಕೆಂಡ್ ಒತ್ತಿ ಹಗ್ಗ ಎಳೆಯಿರಿ. ಜಾಸ್ತಿ ಒತ್ತಿದರೆ ಗ್ಯಾಸ್ ತುಂಬಿ ಎಂಜಿನ್ ಹತ್ತುವುದೇ ಇಲ್ಲ. ನಾನು ಅರ್ಧ ಗಂಟೆ ಹಗ್ಗ ಎಳೆದು ಇದನ್ನು ಕಲಿತೆ!

ಟ್ಯೂನಿಂಗನ್ನು ಲೋಡ್ ಕೊಟ್ಟೇ ಮಾಡಬೇಕು. ಬರೀ ಎಂಜಿನ್ ಓಡಿಸಿ ಸ್ಕ್ರೂ ತಿರುಗಿಸಿದರೆ ಪ್ರಯೋಜನವಿಲ್ಲ. ನಾನು 1 ಕಿಲೋವ್ಯಾಟ್ ಹೀಟರ್ ಹಚ್ಚಿದೆ. ಎಂಜಿನ್ ಸೊರಗುವವರೆಗೆ ಸ್ಕ್ರೂ ಮುಚ್ಚಿ, ಆಮೇಲೆ ಮತ್ತೆ ಸೊರಗುವವರೆಗೆ ತೆರೆಯಿರಿ. ಎರಡರ ನಡುವೆ, ತುಸು ತೆರೆದ ಕಡೆಗೇ ನಿಲ್ಲಿಸಿ. ಗ್ಯಾಸ್ ಕಮ್ಮಿಯಾದರೆ ಎಂಜಿನ್ ಬಿಸಿಯಾಗಿ ಎಕ್ಸಾಸ್ಟ್ ವಾಲ್ವ್ ಸುಡಬಹುದು.

ಶಕ್ತಿ ಸುಮಾರು ಶೇಕಡ 10 ಇಳಿಯುತ್ತದೆ, ಲೆಕ್ಕದಲ್ಲಿರಲಿ. ಎಂಜಿನ್ ಆಯಿಲ್ ಮಾತ್ರ ತುಂಬಾ ದಿನ ಕಪ್ಪಾಗುವುದಿಲ್ಲ.

ಸಿಲಿಂಡರ್ ಸದಾ ನೆಟ್ಟಗಿರಲಿ. ಮಲಗಿಸಿದರೆ ಆವಿಯ ಬದಲು ದ್ರವವೇ ಬರುತ್ತದೆ. ಸಣ್ಣ ಸಿಲಿಂಡರ್‌ಗೆ ದೊಡ್ಡ ಲೋಡ್ ಹಾಕಿದರೆ ಅದರ ಮೈಮೇಲೆ ಮಂಜು ಕಟ್ಟುತ್ತದೆ, ಒತ್ತಡ ಬಿದ್ದುಹೋಗುತ್ತದೆ. ಬೆಂಕಿ ತೋರಿಸಲು ಹೋಗಬೇಡಿ, ದೊಡ್ಡ ಸಿಲಿಂಡರ್ ತನ್ನಿ.

ನಿಲ್ಲಿಸುವಾಗ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ. ಪೈಪ್‌ನಲ್ಲಿ ಉಳಿದ ಗ್ಯಾಸ್ ಮುಗಿದು ಎಂಜಿನ್ ತಾನೇ ನಿಲ್ಲುತ್ತದೆ. ಸ್ವಿಚ್ ಆಮೇಲೆ.