ಶಾಲ್ಮಲೆಯ ದಂಡೆಗುಂಟ ಒಂದು ದಿನ ನಡೆಯುವವರಿಗೆ

ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗಕ್ಕೆ ಹೋಗಿ, ಹತ್ತು ಫೋಟೋ ತೆಗೆದು ವಾಪಸ್ ಬರುವವರೇ ಜಾಸ್ತಿ. ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಸುಮಾರು 15 ಕಿ.ಮೀ. ಅಷ್ಟೇ. ಒಂದಿಡೀ ದಿನ ಇಟ್ಟುಕೊಂಡು, ದಂಡೆಗುಂಟ ಸುಮ್ನೆ ನಡೆದು ನೋಡಿ.

ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಸಮಯ. ನೀರು ಇಳಿದಿರುತ್ತದೆ, ಸೋದೆ ಅರಸರ ಕಾಲದ ಲಿಂಗಗಳು, ಬಸವಗಳು ಬಂಡೆಯ ಮೇಲೆ ಚೆನ್ನಾಗಿ ಕಾಣುತ್ತವೆ. ಮಳೆಗಾಲದಲ್ಲಿ ಅರ್ಧಕ್ಕರ್ಧ ನೀರೊಳಗೇ. ಉಂಬಳದ (ಜಿಗಣೆಯ) ಕಾಟ ಬೇರೆ.

ಮುಖ್ಯ ಮಾತು ಕಾಲಿನದು. ಬೂದು ಬಣ್ಣದ ಒಣ ಬಂಡೆ ಹೆದರಿಸುವುದಿಲ್ಲ. ನೀರಂಚಿನ ಕಪ್ಪು ಬಂಡೆ ಮಾತ್ರ ನಂಬಬೇಡಿ, ಹಾವಸೆ ಕಣ್ಣಿಗೇ ಬೀಳುವುದಿಲ್ಲ. ಸವೆದ ಹವಾಯಿ ಚಪ್ಪಲಿಯಲ್ಲಿ ಹೋಗಿ ಧೊಪ್ಪನೆ ಕೂತವನು ನಾನೇ. ಅಡಿ ಗಟ್ಟಿ ಹಿಡಿಯುವ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಒಂದು ಕೋಲೂ ಇರಲಿ. ಕಾಲಿಡುವ ಮೊದಲು ಆಳ ನೋಡಲು ಆಗುತ್ತದೆ.

ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ ಮೇಲೆ ಎಲ್ಲೋ ಮಳೆ ಬಿದ್ದಿದೆ ಎಂದರ್ಥ. ಚೀಲ ಎತ್ತಿಕೊಂಡು ತಕ್ಷಣ ದಂಡೆ ಹತ್ತಿ. ಮಡುವಿನಲ್ಲಿ ಈಜು ಬೇಡ, ಒಳಗಿನ ಸೆಳೆತ ಮೇಲಿಂದ ಗೊತ್ತಾಗುವುದಿಲ್ಲ.

ಊಟಕ್ಕೆ ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ ಸಾಕು. ಎಲೆಯನ್ನು ದನಕ್ಕೆ ಹಾಕಬಹುದು, ಪ್ಲಾಸ್ಟಿಕ್ ಪೊಟ್ಟಣ ಯಾರು ತಿನ್ನುತ್ತಾರೆ ಹೇಳಿ? ನಾಲ್ಕೂವರೆಗೆಲ್ಲ ಹಿಂದೆ ತಿರುಗಿ. ಮರಗಳ ಅಡಿ ಕತ್ತಲು ಬೇಗ ಬೀಳುತ್ತದೆ.