ಗದ್ದದಿಂದ ಒಂದು ಗೇಣು

ಪುಣೆಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಕಳೆದ ವರ್ಷ ಬಿ.ಎ. ಮೊದಲ ವರ್ಷಕ್ಕೆ ಅಕ್ಕಲಕೋಟೆ ಕಡೆಯ ಹುಡುಗಿಯೊಬ್ಬಳು ಸೇರಿದಳು. ಮನೆಮಾತು ಕನ್ನಡ. ಎರಡೂ ಕಿವಿಗೆ ಮಷೀನು. ಮೊದಲ ಟೆಸ್ಟ್ ಮುಗಿದ ಮೇಲೆ ಬಂದು, "ನೀವು ಬೋರ್ಡಿನ ಕಡೆ ತಿರುಗಿದ್ರ ನನಗ ಪಾಠ ಅಲ್ಲಿಗೇ ನಿಂತ್ ಬಿಡ್ತದ್ರೀ ಮೇಡಂ" ಅಂದಳು. ಮಷೀನು ನನ್ನ ದನಿಯ ಜೊತೆ ಫ್ಯಾನಿನ ಸದ್ದನ್ನೂ ಜೋರು ಮಾಡುತ್ತಿತ್ತು. ಉಳಿದದ್ದನ್ನು ಅವಳು ತುಟಿ ನೋಡಿ ಹಿಡಿಯುತ್ತಿದ್ದಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಕೊಡಿಸುತ್ತದೆ. ಸೀಟು ಸಿಕ್ಕವರಿಗೆ ಪಾಠ ಮುಟ್ಟಿಸೋದು ಮೇಷ್ಟ್ರ ಕೆಲಸ, ಅಲ್ವಾ?

ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂದ ಆ್ಯಪ್. ದುಡ್ಡು ಕೊಡಬೇಕಿಲ್ಲ. ಆಡಿದ ಮಾತು ಆಗಿಂದಾಗಲೇ ಅಕ್ಷರವಾಗಿ ಫೋನಿನಲ್ಲಿ ಕಾಣುತ್ತದೆ. ಅವಳ ಫೋನನ್ನು ಮೊದಲ ಬೆಂಚಿನ ಮೇಲಿಟ್ಟು ಶುರು ಮಾಡಿದೆವು.

ಉಪ್ಪಿನ ಬೇಡಿಕೆ 'ಇನ್‌ಇಲ್ಯಾಸ್ಟಿಕ್' ಅಂದೆ. ಫೋನಿನಲ್ಲಿ 'ಆ್ಯನ್ ಇಲ್ಯಾಸ್ಟಿಕ್' ಅಂತ ಬಂತು. ಬೆಲೆ ಏರಿದರೂ ಜನ ಉಪ್ಪು ಕೊಳ್ಳೋದನ್ನು ಜಾಸ್ತಿ ಕಡಿಮೆ ಮಾಡಲ್ಲ ಅನ್ನೋದೇ ಆ ದಿನದ ಪಾಠ. ಅವಳ ನೋಟ್ಸಿನಲ್ಲಿ ಅದು ಪೂರ್ತಿ ಉಲ್ಟಾ ಆಗಿತ್ತು. ಅಕ್ಷರ ಕಲಸಿಹೋದರೆ ಅವಳು ಮತ್ತೆ ಕೇಳುತ್ತಾಳೆ. ಸರಿಯಾದಂತೆ ಕಾಣುವ ತಪ್ಪು ಬಂದರೆ ಕೇಳಬೇಕು ಅಂತಲೇ ಗೊತ್ತಾಗಲ್ಲ. ನನಗೆ ಭಯ ಹುಟ್ಟಿಸಿದ್ದು ಇದೇ.

ತೊಂದರೆ ಇದ್ದದ್ದು ನನ್ನ ಬಾಯಿಗೂ ಫೋನಿಗೂ ನಡುವಿನ ದೂರದಲ್ಲಿ. ಒಂದು ವೈರ್‌ಲೆಸ್ ಕಾಲರ್ ಮೈಕ್ ತಂದು, ರಿಸೀವರನ್ನು ಅವಳ ಫೋನಿಗೆ ಹಾಕಿದೆವು. ಸೆರಗಿನ ಅಂಚಿಗೆ ಸಿಕ್ಕಿಸಿದರೆ ಬಟ್ಟೆ ಉಜ್ಜಿ ಸರಸರ ಸದ್ದು. ಭುಜದ ಪಿನ್ನಿನ ಪಕ್ಕ, ಸೆರಗು ಅಲ್ಲಾಡದ ಜಾಗದಲ್ಲಿ, ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದಾಗ ಅಕ್ಷರ ತಿಳಿಯಾದವು. ಹೊಸ ಪದ ಬಂದರೆ ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ.

ನಡುವೆ ಮರಾಠಿ ನುಸುಳಿದರೆ ಇಂಗ್ಲಿಷಿಗೆ ಇಟ್ಟ ಆ್ಯಪ್ ತಡಬಡಿಸುತ್ತದೆ. 'ಮ್ಹಣಜೆ' ಅಂದದ್ದು 'ಮನಿ' ಆಗುತ್ತಿತ್ತು. ಎರಡನೇ ಭಾಷೆಯಾಗಿ ಮರಾಠಿ ಇಟ್ಟುಕೊಂಡೆವು. ನಾನು ಕೈ ಎತ್ತಿದರೆ ಅವಳು ಭಾಷೆ ಬದಲಿಸುತ್ತಾಳೆ. ಹಿಂದಿನ ಬೆಂಚಿನ ಪ್ರಶ್ನೆ ಮೈಕಿಗೆ ಕೇಳಿಸಲ್ಲ, ಅದನ್ನು ನಾನೇ ಇನ್ನೊಮ್ಮೆ ಹೇಳುತ್ತೇನೆ.

ನನಗೆ ಕಷ್ಟವಾದದ್ದು ಸುಮ್ನಿರೋದು. ಗ್ರಾಫ್ ಎಳೆಯುತ್ತಾ ಮಾತಾಡಿದರೆ ಅವಳು ಗೆರೆ ನೋಡಬೇಕೋ, ಫೋನು ನೋಡಬೇಕೋ? ಈಗ ಮಾತಿಲ್ಲದೆ ಎಳೆಯುತ್ತೇನೆ. ತಿರುಗುತ್ತೇನೆ. ಅವಳ ಕಣ್ಣು ಫೋನಿಗೆ ಇಳಿದ ಮೇಲೆ ಬಾಯಿ ತೆರೆಯುತ್ತೇನೆ. ಇದಕ್ಕೆ ಒಂದು ತಿಂಗಳು ಹಿಡಿಯಿತು.

ಆ್ಯಪಿನಲ್ಲಿ ಬರಹ 3 ದಿನ ಉಳಿಯುವ ಹಾಗೆ ಇಟ್ಟುಕೊಳ್ಳಬಹುದು. ಅವಳು ಸಂಜೆಯೇ ಕಾಪಿ ಮಾಡಿಕೊಂಡು ಪ್ರಿಂಟ್ ತರುತ್ತಾಳೆ, ಶನಿವಾರ ಇಬ್ಬರೂ ಕೂತು ತಿದ್ದುತ್ತೇವೆ. ಸೆಮಿಸ್ಟರಿನ ಕೊನೇ ಶನಿವಾರ 'ಇನ್‌ಇಲ್ಯಾಸ್ಟಿಕ್' ನಾಲ್ಕು ಕಡೆ ಸರಿಯಾಗಿ ಬಂದಿತ್ತು. ಐದನೆಯದು ತಪ್ಪಿತ್ತು. ನಾನು ಪೆನ್ನು ತೆಗೆಯುವ ಮೊದಲೇ ಅವಳು ಅದಕ್ಕೆ ಕೆಂಪು ಗೆರೆ ಎಳೆದಿದ್ದಳು.